ಬಂಡೆ ಸಂದಿನ ಹೊಸ ಹೂಗಿಡ



ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆಯವರಿಗೆ ಕಲ್ಲು ಹೊಸದಲ್ಲ. ಬಾಗಿಲು ತೆರೆದರೆ ಎದುರಿಗೆ ಬೆಟ್ಟ, ಹೊಲ ಉತ್ತರೆ ನೇಗಿಲಿಗೆ ಕಲ್ಲು, ಬಾವಿ ತೋಡಿದರೆ ತಳದಲ್ಲಿ ಬಂಡೆ. ಮಧುಗಿರಿಯ ಏಕಶಿಲೆ, ಚನ್ನರಾಯನದುರ್ಗ, ಮಿಡಿಗೇಶಿ, ಸಿದ್ಧರಬೆಟ್ಟ, ಪಾವಗಡದ ಕೋಟೆ ಬೆಟ್ಟ, ನಿಡಗಲ್ಲು, ಹೀಗೆ ಹೆಸರು ಹೇಳುತ್ತಾ ಹೋದರೆ ಈ ಭಾಷಣದ ಹೊತ್ತೆಲ್ಲ ಅದಕ್ಕೇ ಆದೀತು. ಕಂದಾಯದ ಕಾಗದದಲ್ಲಿ ಇಂಥ ನೆಲದ ಮುಂದೆ ‘ಖರಾಬು’ ಅಂತ ಬರೆದಿರುತ್ತೆ. ಖರಾಬು ಅಂದರೆ ಕಂದಾಯ ಹುಟ್ಟದ ಜಾಗ. ಅಲ್ಲಿ ಪೈರು ಬರುವುದಿಲ್ಲ, ನಿಜ. ಆದರೆ ಏನೂ ಹುಟ್ಟುವುದಿಲ್ಲ ಅಂತ ತಿಳಿದರೆ ಅದು ಸರಿಯಲ್ಲ. ನಮ್ಮದೇ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದು, ಲೋಕದ ಸಸ್ಯಶಾಸ್ತ್ರಕ್ಕೆ ತೀರ ಈಚಿನವರೆಗೂ ಗೊತ್ತೇ ಇಲ್ಲದೆ ಇದ್ದ ಒಂದು ಹೂಗಿಡದ ವಿಚಾರವನ್ನು ಈ ದಿನ ನಿಮ್ಮ ಮುಂದೆ ಇಡುತ್ತೇನೆ.

ಗಿಡ ಸಿಕ್ಕಿದ್ದು ನೆರೆಯ ಕೋಲಾರದ ಸೀಮೆಯಲ್ಲಿ. ಅದನ್ನು ಪರೀಕ್ಷಿಸಿ, ವರ್ಣಿಸಿ, ಹೆಸರಿಟ್ಟವರು ಸಸ್ಯಶಾಸ್ತ್ರಜ್ಞರಾದ ಜಿ. ಡಿ. ಅರೆಕಲ್ ಮತ್ತು ಟಿ. ಎಂ. ರಾಮಕೃಷ್ಣ ಅವರು. 1981ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಇಟ್ಟ ಹೆಸರು ಬ್ರ್ಯಾಕಿಸ್ಟೆಲ್ಮ ಕೋಲಾರೆನ್ಸಿಸ್. ನಾಲಗೆ ತಿರುಗದ ಹೆಸರು ಅನ್ನಿಸಬಹುದು. ಹೆದರಬೇಡಿ. ಕೋಲಾರೆನ್ಸಿಸ್ ಅಂದರೆ ಲ್ಯಾಟಿನ್ ಭಾಷೆಯಲ್ಲಿ ‘ಕೋಲಾರದ್ದು’ ಅಂತ, ಅಷ್ಟೆ. ನಾವು ಚೇಳೂರು ಹಲಸು ಅಂತ ಊರಿನ ಹೆಸರು ಸೇರಿಸಿ ಕರೆಯುವುದಿಲ್ಲವೇ, ಹಾಗೆಯೇ ಇದೂ. ಮೊದಲ ಮಾತು ಮನೆತನದ ಹೆಸರಿದ್ದಂತೆ. ಗ್ರೀಕ್ ಭಾಷೆಯಲ್ಲಿ ‘ಬ್ರ್ಯಾಕಿಸ್’ ಎಂದರೆ ಗಿಡ್ಡ. ಹೂವಿನ ನಡುವೆ ಇರುವ ಕಿರೀಟದಂಥ ಭಾಗ ಗಿಡ್ಡವಾಗಿರುವುದರಿಂದ ಆ ಹೆಸರು ಬಂತು.

‘ಹೊಸ ಗಿಡ’ ಅನ್ನುವ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಗಿಡವೇನೂ 1981ರಲ್ಲಿ ಹುಟ್ಟಿದ್ದಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರು ಅದರ ಪಕ್ಕದಲ್ಲೇ ದನ ಕಾಯ್ದಿರಬಹುದು. ಕುರಿಗಾಹಿ ಹುಡುಗರು ಅದರ ಗೆಡ್ಡೆ ಕಿತ್ತು ತಿಂದೂ ಇರಬಹುದು. ಪಹಣಿಯಲ್ಲಿ ಹೆಸರು ಏರುವ ಮೊದಲೂ ಜಮೀನು ಇದ್ದೇ ಇರುತ್ತದಲ್ಲ? ಹಾಗೆಯೇ ಈ ಗಿಡವೂ ಇತ್ತು, ದಾಖಲೆ ಇರಲಿಲ್ಲ. ದಾಖಲೆ ಇಲ್ಲದ ಜಮೀನಿನ ಗತಿ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಯಾರು ಬೇಕಾದರೂ ಒತ್ತುವರಿ ಮಾಡಬಹುದು, ಕೇಳುವವರು ಇರುವುದಿಲ್ಲ. ಹೆಸರಿಲ್ಲದ ಗಿಡದ ಪಾಡೂ ಅದೇ.

ಹೆಸರಿಡುವುದು ಸುಲಭದ ಕೆಲಸವೂ ಅಲ್ಲ. ಗಿಡ ಸಿಕ್ಕ ಕೂಡಲೇ ಇದು ಹೊಸದು ಅಂತ ಕೂಗಿಬಿಡಲಾಗದು. ಹೂವು, ಎಲೆ, ಕಾಂಡ, ಸಾಧ್ಯವಾದರೆ ಕಾಯಿ, ಇಷ್ಟೂ ಇರುವ ಮಾದರಿಯನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ಭಾರ ಹೇರಿ ಒಣಗಿಸುತ್ತಾರೆ. ಮೊದಮೊದಲು ದಿನಾ ಹಾಳೆ ಬದಲಾಯಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತೆ. ಈ ಜಾತಿಯ ಹೂವು ಮಾಂಸಲ. ಒಣಗಿಸಿದರೆ ಅಪ್ಪಚ್ಚಿಯಾಗಿ ಒಳಗಿನ ರಚನೆ ಕಾಣದಂತಾಗುತ್ತೆ. ಅದಕ್ಕಾಗಿ ಒಂದೆರಡು ಹೂವನ್ನು ಸ್ಪಿರಿಟ್ಟಿನ ಶೀಷೆಯಲ್ಲಿ ಬೇರೆಯಾಗಿ ಇಡುತ್ತಾರೆ. ಆಮೇಲೆ ಹಳೆಯ ಗ್ರಂಥಗಳ ಸರದಿ. ಹೂಕರ್ ಸಾಹೇಬರು 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಹೊರತಂದ ಬ್ರಿಟಿಷ್ ಇಂಡಿಯಾದ ಸಸ್ಯಗ್ರಂಥ, ಗ್ಯಾಂಬಲ್ ಶುರುಮಾಡಿ ಫಿಷರ್ ಮುಗಿಸಿದ ಮದರಾಸು ಪ್ರಾಂತದ ಸಸ್ಯಗ್ರಂಥ, ಇವನ್ನೆಲ್ಲ ತಿರುವಿಹಾಕಬೇಕು. ಹಳೆಯ ಒಣಮಾದರಿಗಳು ಹೌರಾದ ಕೇಂದ್ರ ಸಸ್ಯಾಲಯದಲ್ಲೋ ಲಂಡನ್ನಿನ ಕ್ಯೂ ತೋಟದಲ್ಲೋ ಇರುತ್ತವೆ. ಅವುಗಳ ಪಕ್ಕದಲ್ಲಿ ಹೊಸ ಮಾದರಿಯನ್ನು ಇಟ್ಟು ನೋಡಬೇಕು. ಯಾವುದಕ್ಕೂ ಹೊಂದದಿದ್ದರೆ ಮಾತ್ರ ಹೊಸ ಹೆಸರು. ಆ ಹೆಸರಿಗೆ ಆಧಾರವಾದ ಒಂದು ಒಣಮಾದರಿಯನ್ನು ‘ಮೂಲಮಾದರಿ’ ಅಂತ ಗೊತ್ತುಮಾಡಿ ಸಸ್ಯಾಲಯದಲ್ಲಿ ಭದ್ರವಾಗಿಡುತ್ತಾರೆ. ನೂರು ವರ್ಷ ಕಳೆದ ಮೇಲೆ ಯಾರಿಗಾದರೂ ಸಂಶಯ ಬಂದರೆ ಆ ಹಾಳೆಯೇ ಸಾಕ್ಷಿ. ಮೊದಲು ವರ್ಣನೆಯನ್ನು ಲ್ಯಾಟಿನ್ನಿನಲ್ಲೇ ಬರೆಯಬೇಕಿತ್ತು. 2012ರ ಜನವರಿಯಿಂದ ಇಂಗ್ಲಿಷೂ ನಡೆಯುತ್ತದೆ.

ಇಷ್ಟು ಮಾಡಿಟ್ಟ ಹೆಸರೂ ಕಲ್ಲಿನಲ್ಲಿ ಕೆತ್ತಿದ್ದಲ್ಲ ನೋಡಿ. 2017ರಲ್ಲಿ ಹೊರದೇಶದ ಕೆಲವು ಪಂಡಿತರು ಈ ಬ್ರ್ಯಾಕಿಸ್ಟೆಲ್ಮ ಮನೆತನವನ್ನೇ ಪಕ್ಕದ ಸೆರೋಪೀಜಿಯ ಮನೆತನದೊಳಕ್ಕೆ ಸೇರಿಸಿಬಿಟ್ಟರು. ಆದ್ದರಿಂದ ಈಗ ಪುಸ್ತಕಗಳಲ್ಲಿ ನಮ್ಮ ಗಿಡಕ್ಕೆ ಎರಡು ಹೆಸರು ಕಾಣುತ್ತವೆ. ಖಾತೆ ಬದಲಾಯಿತು, ಜಮೀನು ಅಲ್ಲೇ ಇದೆ. ಬಳಕೆಗೆ ನಾವು ಹಳೆಯ ಹೆಸರನ್ನೇ ಇಟ್ಟುಕೊಳ್ಳೋಣ.

ಈಗ ಗಿಡದ ಸ್ವಭಾವಕ್ಕೆ ಬರೋಣ. ಈ ಗುಂಪಿನ ಗಿಡಗಳೆಲ್ಲ ನೆಲದೊಳಗೆ ಗೆಡ್ಡೆ ಇಟ್ಟುಕೊಂಡಿರುತ್ತವೆ. ಬೇಸಿಗೆಯಲ್ಲಿ ನೀವು ಅದರ ಮೇಲೆಯೇ ನಡೆದು ಹೋದರೂ ಅಲ್ಲಿ ಒಂದು ಜೀವ ಇದೆ ಅಂತ ತಿಳಿಯುವುದಿಲ್ಲ. ಮುಂಗಾರಿನ ಮೊದಲ ಹದ ಮಳೆ ಬಿದ್ದು ನೆಲ ತಣಿದರೆ ಸಣ್ಣ ಕಾಂಡ ಹೊರಡುತ್ತದೆ. ಹುಲ್ಲಿನ ನಡುವೆ ಹುಲ್ಲಿನಂತೆಯೇ ನಿಂತು, ಬೇಗಬೇಗ ಹೂ ಬಿಟ್ಟು, ಕಾಯಿ ಕಟ್ಟಿ, ಬೀಜ ಹಾರಿಸಿ, ಮಳೆ ಹಿಂದೆ ಸರಿದಾಗ ಒಣಗಿ ಮಾಯವಾಗುತ್ತದೆ. ವರ್ಷದ ಹೆಚ್ಚು ತಿಂಗಳು ಅಜ್ಞಾತವಾಸ. ನೋಡಲು ಹೋದವರಿಗೆ ಹತ್ತು ಹದಿನೈದು ದಿನ ತಡವಾದರೂ ಸಿಕ್ಕುವುದಿಲ್ಲ. ಇಷ್ಟು ಕಾಲ ಯಾರ ಕಣ್ಣಿಗೂ ಬೀಳದಿದ್ದುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ, ನನ್ನ ಮಟ್ಟಿಗೆ ಹೇಳುವುದಾದರೆ, ನಮ್ಮ ಸಸ್ಯಶಾಸ್ತ್ರಜ್ಞರಲ್ಲಿ ಹೆಚ್ಚಿನವರಿಗೆ ಮಲೆನಾಡಿನ ಮೇಲೇ ಮೋಹ. ಬಯಲುಸೀಮೆಯ ಬಂಡೆಯ ಮೇಲೆ ಬಿಸಿಲಲ್ಲಿ ಬೊಗ್ಗಿ ಹುಡುಕಿದವರು ಕಡಿಮೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಪಂಡಿತರಿಗೂ ಅನ್ವಯಿಸುತ್ತೆ.

ಹುಡುಕಿದವರು ಇರಲೇ ಇಲ್ಲ ಅಂತಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಈ ಸೀಮೆಯ ಪರಿಶೀಲನೆಗೆ ಕಳಿಸಿತು. 1800ರಲ್ಲಿ ಆತ ಮಧುಗಿರಿ, ಸಿರಾ ಎರಡನ್ನೂ ಸುತ್ತಿ, ಪೈರು, ದನಕರು, ಕಬ್ಬಿಣ ಕರಗಿಸುವ ಕುಲುಮೆ ಎಲ್ಲವನ್ನೂ ವಿಚಾರಿಸಿ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟವಾಗಿ ಅಚ್ಚಾಯಿತು. ಆತ ಸ್ವತಃ ಒಳ್ಳೆಯ ಸಸ್ಯಶಾಸ್ತ್ರಜ್ಞ. ಆದರೂ ಕುದುರೆಯ ಮೇಲೆ ಊರಿಂದೂರಿಗೆ ಸಾಗುವವನಿಗೆ ಹುಲ್ಲಿನೊಳಗೆ ಅಡಗಿದ ಗೇಣುದ್ದದ ಗಿಡಗಳೆಲ್ಲ ಎಲ್ಲಿ ಕಾಣಬೇಕು?

ಈ ಗಿಡದ ನೆಂಟರಿಷ್ಟರನ್ನು ನೀವು ಚೆನ್ನಾಗಿ ಬಲ್ಲಿರಿ. ರಸ್ತೆ ಬದಿಯ ಎಕ್ಕ ಇದರ ದಾಯಾದಿ. ಪಾನಕಕ್ಕೆ ಹಾಕುವ ಸೊಗದೆ ಬೇರು, ಬೇಲಿಯ ಮೇಲೆ ಹಬ್ಬುವ ಹಾಲುಕೊರಟಿಗೆ, ಉಪ್ಪಿನಕಾಯಿಗೆ ಹಾಕುವ ಮಾಗಳಿ ಬೇರು, ಎಲ್ಲವೂ ಒಂದೇ ಕುಲ. ಈ ಕುಲದ ಗುರುತು ಹಿಡಿಯುವುದು ಕಷ್ಟವಲ್ಲ. ಕಾಯಿ ಸಾಮಾನ್ಯವಾಗಿ ಜೋಡಿಯಾಗಿ, ಆಡಿನ ಕೊಂಬಿನ ಹಾಗೆ ಇರುತ್ತೆ. ಅದು ಬಿರಿದರೆ ಒಳಗಿಂದ ಎಕ್ಕದ ಹತ್ತಿಯಂಥ ರೇಷ್ಮೆಕೂದಲು ಕಟ್ಟಿಕೊಂಡ ಚಪ್ಪಟೆ ಬೀಜ ಗಾಳಿಗೆ ತೇಲಿಹೋಗುತ್ತೆ.

ಈ ಕುಲದ ಹೂವುಗಳ ಉಪಾಯ ಕೇಳಿದರೆ ನೀವು ಮೂಗಿನ ಮೇಲೆ ಬೆರಳಿಡುತ್ತೀರಿ. ಬೇರೆ ಹೂವಿನಲ್ಲಿ ಪರಾಗ ಹಿಟ್ಟಿನಂತೆ ಉದುರುತ್ತೆ. ಇವುಗಳಲ್ಲಿ ಹಾಗಲ್ಲ. ಪರಾಗವೆಲ್ಲ ಮೇಣದಂತೆ ಗಟ್ಟಿಯಾಗಿ ಎರಡು ಪುಟ್ಟ ಚೀಲವಾಗಿರುತ್ತೆ, ಆ ಎರಡಕ್ಕೂ ಸೇರಿ ಒಂದು ಚಿಮುಟ. ಎಕ್ಕದ ಹೂವಿಗೆ ಬರುವ ಕಪ್ಪು ದುಂಬಿಯ ಕಾಲು ಹೂವಿನ ಸಂದಿಗೆ ಸಿಕ್ಕಿ, ಎಳೆದುಕೊಂಡಾಗ ಆ ಚಿಮುಟ ಕಾಲಿಗೆ ಕಚ್ಚಿಕೊಂಡೇ ಹೊರಬರುತ್ತೆ. ಮುಂದಿನ ಹೂವಿಗೆ ಕೂತಾಗ ಅಲ್ಲಿ ಚೀಲ ಸರಿಯಾದ ಜಾಗಕ್ಕೆ ಸಿಕ್ಕಿಕೊಂಡು ಕಾಯಿ ಕಟ್ಟುತ್ತೆ.

ಸೆರೋಪೀಜಿಯ ಎನ್ನುವ ಬಳ್ಳಿಗಳದು ಇನ್ನೂ ಜಾಣತನ. ನಮ್ಮ ಕುರುಚಲು ಕಾಡಿನಲ್ಲೂ ಇವುಗಳಲ್ಲಿ ಒಂದೆರಡು ಬಗೆ ಉಂಟು. ಹೂವು ನೋಡಲು ಪುಟ್ಟ ಲಾಟೀನು ಇದ್ದ ಹಾಗೆ. ಬುಡದಲ್ಲಿ ಉಬ್ಬಿದ ಗಡಿಗೆ, ಅದರ ಮೇಲೆ ಉದ್ದನೆಯ ಕೊಳವೆ, ತುದಿಯಲ್ಲಿ ಐದು ದಳ ಒಂದಕ್ಕೊಂದು ತಲೆ ಕೊಟ್ಟು ಕಟ್ಟಿದ ಗೋಪುರ. ಲಿನೇಯಸ್ ಎಂಬ ಪಂಡಿತ ಹಳೆಯ ಮಲಬಾರಿನ ಸಸ್ಯಗ್ರಂಥದ ಚಿತ್ರ ನೋಡಿ, ಇದು ಮೇಣದ ಬತ್ತಿಯ ದೀಪಗುಚ್ಛದಂತಿದೆ ಅಂತ ಹೆಸರಿಟ್ಟ. ಆ ಹೂವು ಸೂಸುವ ವಾಸನೆಗೆ ಗುಂಗುರು ಹುಳದಂಥ ಸಣ್ಣ ನೊಣಗಳು ಮರುಳಾಗಿ ಬರುತ್ತವೆ. ಕೊಳವೆಯೊಳಗೆ ಕೂದಲುಗಳಿವೆ, ಎಲ್ಲವೂ ಕೆಳಮುಖ. ಒಳಗೆ ಇಳಿಯಬಹುದು, ಹತ್ತಲಾಗದು. ಮೀನು ಹಿಡಿಯುವ ಕೂಳಿ ನೋಡಿದ್ದೀರಲ್ಲ, ಅದೇ ಹಂಚಿಕೆ. ನೊಣ ಗಡಿಗೆಯೊಳಗೆ ಬಂದಿಯಾಗಿ ಒದ್ದಾಡುತ್ತ ಅಲ್ಲಿರುವ ಜೇನಿಗೆ ಬಾಯಿಡುತ್ತದೆ. ಆಗ ಪರಾಗದ ಚಿಮುಟ ಅದರ ಸೊಂಡಿಲಿಗೆ ಕಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನ ಸೆರೆವಾಸವಾದ ಮೇಲೆ ಆ ಕೂದಲುಗಳು ತಾವಾಗಿ ಬಾಡುತ್ತವೆ, ಹೂವು ಬಾಗುತ್ತದೆ, ಬಾಗಿಲು ತೆರೆಯುತ್ತದೆ. ನೊಣ ಬಿಡುಗಡೆಯಾಗಿ, ಬುದ್ಧಿ ಬಾರದೆ, ಪಕ್ಕದ ಹೂವಿಗೆ ಹೋಗಿ ಮತ್ತೆ ಬೀಳುತ್ತದೆ. ಹೂವಿನ ಕೆಲಸ ಆಯಿತು. ಕೊಲ್ಲುವುದಿಲ್ಲ ನೋಡಿ, ಕೂಲಿಗೆ ಇಟ್ಟುಕೊಂಡು ಬಿಡುತ್ತೆ ಅಷ್ಟೆ. ನಮ್ಮ ಬ್ರ್ಯಾಕಿಸ್ಟೆಲ್ಮ ಇಷ್ಟು ದೊಡ್ಡ ಸೆರೆಮನೆ ಕಟ್ಟುವುದಿಲ್ಲ. ಹೂವು ಸಣ್ಣದು, ಹೆಚ್ಚಾಗಿ ತೆರೆದದ್ದು. ಆದರೆ ಗಿರಾಕಿ ಮಾತ್ರ ಅದೇ ಸಣ್ಣ ನೊಣ, ಚೀಲ ಅದೇ ಚಿಮುಟದ ಚೀಲ.

ಇದರಿಂದಲೇ ಅಪರೂಪದ ಗುಟ್ಟೂ ತಿಳಿಯುತ್ತದೆ. ಅಂಥ ನೊಣ ಬರಬೇಕು, ಚೀಲ ಸರಿಯಾದ ಸಂದಿಗೆ ಬೀಳಬೇಕು. ಹತ್ತಾರು ಹೂ ಬಿಟ್ಟರೂ ಕಾಯಿ ಕಟ್ಟುವುದು ಬೆರಳೆಣಿಕೆ. ಬೀಜ ಗಾಳಿಗೆ ಹಾರಿತು ಅನ್ನಿ, ಸುತ್ತ ಬರೀ ಬಂಡೆಯಿದ್ದರೆ? ನಮ್ಮ ನಾಲ್ಕು ತಾಲ್ಲೂಕಿನ ಬೆಟ್ಟಗಳಲ್ಲಿ ಅನೇಕವು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುವ ಶಿಲೆಯವು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ, ಅಲ್ಲಿಂದ ಹೊರಟ ಈ ಕಲ್ಲಿನ ಪಟ್ಟಿ ಮಧುಗಿರಿ, ಪಾವಗಡ ದಾಟಿ ಉತ್ತರಕ್ಕೆ ಸಾಗುತ್ತದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಹಾಸುಬಂಡೆಯ ಮೇಲೆ ಮಳೆ ಬಿಸಿಲಿಗೆ ಕಲ್ಲು ಹೆಪ್ಪಳಿಕೆಯೆದ್ದು, ಪುಡಿಯಾಗಿ, ತಗ್ಗಿನಲ್ಲಿ ಸೇರಿ, ಅದಕ್ಕೆ ಪಾಚಿ ಹುಲ್ಲು ಕೊಳೆತು ಅಂಗೈಯಗಲ, ಮೊರದಗಲ ಮಣ್ಣಾಗುತ್ತೆ. ಆ ಮೊರದಗಲ ಮಣ್ಣಾಗಲು ಎಷ್ಟು ತಲೆಮಾರು ಬೇಕೋ ದೇವರೇ ಬಲ್ಲ. ಹಾರಿದ ಬೀಜ ಅಂಥ ಕಡೆಗೇ ಬೀಳಬೇಕು, ಬಿದ್ದದ್ದು ಮೊಳೆಯಬೇಕು, ಮೊಳೆತದ್ದು ಬೇಸಿಗೆಗೆ ಮೊದಲು ಗುಂಡುಗಾತ್ರದ ಗೆಡ್ಡೆಯನ್ನಾದರೂ ಮಾಡಿಕೊಳ್ಳಬೇಕು. ಇಲ್ಲವಾದರೆ ಆ ವರ್ಷದ ಸಂಸಾರ ಅಲ್ಲಿಗೇ ಮುಗಿಯಿತು.

‘ಅಲ್ಲ ಸ್ವಾಮಿ, ಒಂದು ಗಿಡಕ್ಕೆ ಇಷ್ಟು ರಗಳೆ ಯಾಕೆ? ಅದರಿಂದ ರೈತನಿಗೇನು?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ಗಿಡದಿಂದ ನಾಳೆಯೇ ನಿಮ್ಮ ಕಣಜ ತುಂಬುತ್ತೆ ಅಂತ ನಾನು ಹೇಳಿದರೆ ಅದು ಸುಳ್ಳು. ಆದರೆ ನಿಮ್ಮ ಹೊಲದ ಕಡಲೇಕಾಯಿಯ ಕಥೆ ಒಂದನ್ನು ಕೇಳಿ. ಪಾವಗಡ, ಸಿರಾ, ಮಧುಗಿರಿಯವರಿಗೆ ಕಡಲೇಕಾಯಿಯೇ ಜೀವನ. ತಿಕ್ಕಾ ರೋಗ, ತುಕ್ಕು ರೋಗ ಬಂದರೆ ಎಲೆ ಉದುರಿ, ಕಾಯಿ ಜೊಳ್ಳಾಗಿ, ದನಕ್ಕೆ ಹಾಕಲು ಬಳ್ಳಿಯೂ ಉಳಿಯದು. ಈ ಎರಡು ರೋಗಕ್ಕೆ ತಡೆಯುಳ್ಳ ಜಿ.ಪಿ.ಬಿ.ಡಿ.-4 ಎಂಬ ತಳಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಕೊಟ್ಟಿದ್ದಾರೆ. ಅದಕ್ಕೆ ಆ ಶಕ್ತಿ ಬಂದದ್ದು ಎಲ್ಲಿಂದ ಗೊತ್ತೇ? ದಕ್ಷಿಣ ಅಮೆರಿಕದ ಬೊಲಿವಿಯ ದೇಶದಲ್ಲಿ ತಾನಾಗಿ ಬೆಳೆಯುವ ಒಂದು ಕಾಡು ಕಡಲೆಗಿಡದಿಂದ. ಆರಾಕಿಸ್ ಕಾರ್ಡೆನಾಸಿ ಅಂತ ಅದರ ಹೆಸರು. ಅಲ್ಲಿನವರಿಗೆ ಅದೊಂದು ಕಳೆಯೋ ಏನೋ. ಯಾರೋ ಪುಣ್ಯಾತ್ಮರು ಅದನ್ನು ಗುರುತಿಸಿ, ಹೆಸರಿಟ್ಟು, ಬೀಜ ಕಾಪಿಟ್ಟರು. ಅದರ ಗುಣ ನಾಟಿ ಕಡಲೆಗೆ ಹಾಯ್ದು, ಕಡೆಗೆ ನಮ್ಮ ಹೊಲಕ್ಕೆ ಬಂತು.

ಕಬ್ಬಿನದೂ ಹಾಗೆಯೇ. ಕೊಯಮತ್ತೂರಿನಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಅವರು ಹೊಳೆದಂಡೆಯ ಕಾಡುಕಬ್ಬಿನ ಜೊತೆ ಸಂಕರ ಮಾಡಿ ಕೋ-205 ತೆಗೆದಾಗಲೇ ಈ ದೇಶದ ಕಬ್ಬಿನ ದೆಸೆ ತಿರುಗಿದ್ದು. ಬತ್ತಕ್ಕೆ ಬರುವ ಹುಲ್ಲುಕುಳ್ಳು ನಂಜುರೋಗಕ್ಕೆ ಸಾವಿರಾರು ತಳಿಗಳನ್ನು ತಡಕಿದರೂ ತಡೆಗುಣ ಸಿಕ್ಕಿದ್ದು ನಮ್ಮ ದೇಶದ್ದೇ ಒಂದು ಕಾಡುಬತ್ತದ ಮಾದರಿಯಲ್ಲಿ. ಯಾವ ಗಿಡದ ಜೇಬಿನಲ್ಲಿ ಏನಿದೆ ಅಂತ ಮೊದಲೇ ಹೇಳುವವರು ಯಾರೂ ಇಲ್ಲ. ಅಳಿದುಹೋದ ಗಿಡದ ಜೇಬನ್ನು ಮಾತ್ರ ಯಾರೂ ತಡಕಲಾರರು.

ಅಳಿಯುವುದೆಂದರೆ ಬರೀ ಹೆದರಿಸುವ ಮಾತಲ್ಲ. ಜೋಗದ ಜಲಪಾತದ ತುಂತುರು ಬೀಳುವ ಕಡೆ 1919ರಲ್ಲಿ ಇಬ್ಬರು ಸಾಹೇಬರು ಒಂದು ಹುಲ್ಲನ್ನು ಸಂಗ್ರಹಿಸಿದರು. 1951ರಲ್ಲಿ ಅದಕ್ಕೆ ಹಬ್ಬಾರ್ಡಿಯ ಎಂದು ಹೆಸರಾಯಿತು. ಆ ಕುಲದಲ್ಲಿ ಆಗ ಅದೊಂದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾಗಿ ಜಲಪಾತದ ನೀರಿನ ಗತಿಯೇ ಬದಲಾಯಿತು. ಜೋಗದಲ್ಲಿ ಹುಡುಕಿದವರಿಗೆ ಹುಲ್ಲು ಸಿಗದೆ, ಅದು ಲೋಕದಿಂದಲೇ ಹೋಯಿತೆಂದು ಬರೆದುಬಿಟ್ಟರು. ಪುಣ್ಯಕ್ಕೆ 2002ರಲ್ಲಿ ಮಹಾರಾಷ್ಟ್ರದ ತಿಲ್ಲಾರಿಯ ಬಳಿ ಬೇರೊಂದು ನೆಲೆಯಲ್ಲಿ ಅದು ಮತ್ತೆ ಕಂಡಿತು. ಎಲ್ಲ ಗಿಡಕ್ಕೂ ಇಂಥ ಎರಡನೆಯ ಮನೆ ಇರುವುದಿಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಸಿಕ್ಕ ಕಾಡುಗೇರಿನ ಜಾತಿಯ ಮರಕ್ಕೆ 2000ದಲ್ಲಿ ಹೆಸರಿಟ್ಟಾಗ ಲೆಕ್ಕಕ್ಕೆ ಸಿಕ್ಕಿದ ಮರಗಳು ನೂರರ ಒಳಗೆ. ಮರವಾದರೆ ಎತ್ತರಕ್ಕೆ ನಿಂತು ಕಾಣುತ್ತದೆ, ಎಣಿಸಬಹುದು. ಗೇಣುದ್ದದ ಗಿಡವನ್ನು ಎಣಿಸುವವರು ಯಾರು? ಸೆರೋಪೀಜಿಯ ಗುಂಪಿನ ಹಲವು ಗಿಡಗಳು 1987ರಿಂದ 1990ರವರೆಗೆ ಬಂದ ಭಾರತದ ಸಸ್ಯಗಳ ಕೆಂಪು ಪುಸ್ತಕದ ಮೂರು ಸಂಪುಟಗಳಲ್ಲಿ ಸೇರಿಕೊಂಡಿವೆ. ಕೆಂಪು ಪುಸ್ತಕ ಅಂದರೆ ಆಪತ್ತಿನಲ್ಲಿರುವವರ ಪಟ್ಟಿ.

ನಮ್ಮ ಕಡೆ ಆಪತ್ತು ಹೇಗೆ ಬರುತ್ತೆ ಅಂದರೆ, ಮೊದಲನೆಯದು ಕಲ್ಲು ಗಣಿ. ಬಂಡೆ ಸಿಡಿದು ಜಲ್ಲಿಯಾದ ಮೇಲೆ ಅದರ ಮೇಲಿನ ಮೊರದಗಲ ಮಣ್ಣನ್ನು ತಿರುಗಿ ಮಾಡಲು ಯಾವ ಇಲಾಖೆಯಿಂದಲೂ ಆಗದು. ಗೋಮಾಳ, ಕಾವಲು, ಹುಲ್ಲುಬನ್ನಿಗಳಲ್ಲಿ ಹಸಿರು ಮಾಡುತ್ತೇವೆ ಅಂತ ಗುಂಡಿ ತೋಡಿ ನೀಲಗಿರಿ ನೆಟ್ಟದ್ದೂ ಹುಲ್ಲಿನ ನಡುವಿನ ಸಣ್ಣ ಗಿಡಗಳಿಗೆ ಒಳ್ಳೆಯದಾಗಲಿಲ್ಲ. ಮರ ನೆಡುವುದೆಲ್ಲ ಪುಣ್ಯವೇ ಎಂದು ನಾವು ನಂಬಿದ್ದೇವೆ. ಹುಲ್ಲುನೆಲಕ್ಕೆ ಮರದ ನೆರಳೇ ಶತ್ರು ಅನ್ನುವ ಮಾತು ಇನ್ನೂ ಎಲ್ಲರ ಕಿವಿಗೆ ಬಿದ್ದಿಲ್ಲ. ಪಾವಗಡದಲ್ಲಿ ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೌರಶಕ್ತಿಯ ಫಲಕಗಳು ಬಂದವು. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಜಮೀನು ಮಾರಾಟವಲ್ಲ, ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು. ಮೇಲಿಂದ ಮೇಲೆ ಬರ ಕಂಡ ರೈತ ಆ ಹಣವನ್ನು ಒಪ್ಪಿಕೊಂಡದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಇಂಥ ದೊಡ್ಡ ಕೆಲಸಕ್ಕೆ ಮೊದಲು ಒಂದು ಮಳೆಗಾಲವಾದರೂ ಆ ನೆಲದ ಮೇಲೆ ಏನೇನು ಹೂ ಬಿಡುತ್ತೆ ಅಂತ ನಡೆದು ನೋಡಿ ಬರೆದಿಡುವ ಪದ್ಧತಿ ನಮ್ಮಲ್ಲಿ ಬರಬೇಕು.

ಇನ್ನು ಗೆಡ್ಡೆ ಕೀಳುವುದು. ಈ ಗುಂಪಿನ ಗೆಡ್ಡೆಗಳನ್ನು ದೇಶದ ಹಲವು ಕಡೆ ದನಗಾಹಿಗಳು ಹಸಿಯಾಗಿಯೇ ತಿನ್ನುತ್ತಾರೆ. ಹಸಿದ ಹುಡುಗ ಒಂದು ಗೆಡ್ಡೆ ತಿಂದರೆ ಕುಲ ಅಳಿಯುವುದಿಲ್ಲ. ಗಾಡಿಗಟ್ಟಲೆ ಅಗೆಯುವುದು ಬೇರೆ ಮಾತು. ಮಾಗಳಿ ಬೇರಿಗೆ ಆಗಿರುವುದು ಅದೇ. ಬಂಡೆ ಸಂದಿಗೆ ಸಬ್ಬಲು ಹಾಕಿ ಬೇರು ಸಮೇತ ಕಿತ್ತು ಊರೂರಿಗೆ ಸಾಗಿಸಿ, ಆ ಗಿಡವೂ ಈಗ ಲೋಕಮಟ್ಟದಲ್ಲಿ ಆಪತ್ತಿನ ಪಟ್ಟಿಗೆ ಸೇರಿದೆ. ಮಾಗಳಿಯನ್ನು ತೋಟದಲ್ಲೂ ಬೆಳೆಯಬಹುದು. ಬೀಜದಿಂದ ಸಸಿ ಮಾಡಿ ಬದುವಿನ ಅಂಚಿಗೆ ಹಾಕಿಕೊಂಡರೆ ಬೆಟ್ಟಕ್ಕೂ ಉಸಿರಾಡಲು ಬಿಡುವಾದೀತು, ನಿಮಗೂ ನಾಲ್ಕು ಕಾಸಾದೀತು. ಅದರ ಬೇಸಾಯವನ್ನು ಹೇಳಹೊರಟರೆ ಬೇರೆಯೇ ಭಾಷಣ ಬೇಕು.

ಬೆಂಕಿಯ ವಿಷಯವನ್ನೂ ಹೇಳಬೇಕು. ಬೇಸಿಗೆಯ ಬೆಂಕಿಗೆ ಗೆಡ್ಡೆ ನೆಲದೊಳಗೆ ಹೇಗೋ ಬದುಕೀತು, ಆದರೆ ಎಳೆ ಸಸಿಯ ಗೆಡ್ಡೆ ಮೇಲ್ಮಣ್ಣಿನಲ್ಲೇ ಇರುತ್ತೆ, ಅದು ಬೇಯುತ್ತದೆ. ಮೊದಲ ಮಳೆಗೆ ಚಿಗುರಿದ ಮೇಲೆ ಬೆಂಕಿ ಬಿದ್ದರಂತೂ ದೊಡ್ಡ ಗಿಡಕ್ಕೂ ಉಳಿವಿಲ್ಲ. ಕುರಿ ಮೇಯಿಸುವುದನ್ನೇ ನಿಲ್ಲಿಸಬೇಕು ಅನ್ನುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹದವಾಗಿ ಮೇಯ್ದರೆ ಹುಲ್ಲು ಗಿಡ್ಡವಾಗಿ ಸಣ್ಣ ಗಿಡಕ್ಕೆ ಬೆಳಕು ಸಿಗುತ್ತೆ. ಈ ಕಾವಲುಗಳು ತಲೆಮಾರುಗಳಿಂದ ಮಂದೆಯ ಜೊತೆಗೇ ಬಾಳಿದವು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನೇ ನೋಡಿ. 2007ರಲ್ಲಿ ಅಲ್ಲಿ 798 ಎಕರೆ ಜಯಮಂಗಲಿ ಕೃಷ್ಣಮೃಗ ಮೀಸಲಾಯಿತು. ಸಿರಾದ ಬುಕ್ಕಾಪಟ್ಟಣದ ಕಮರದ ಕಾಡು 2019ರಲ್ಲಿ ಚಿಂಕಾರದ ಹೆಸರಿನಲ್ಲಿ ವನ್ಯಧಾಮವಾಯಿತು. ಜಿಂಕೆಯ ಹೆಸರಿನಲ್ಲಿ ಉಳಿದ ಹುಲ್ಲಿನೊಳಗೆ ಸಣ್ಣಪುಟ್ಟ ಹೂಗಿಡಗಳಿಗೂ ಜಾಗ ಸಿಕ್ಕಿದೆ.

ಕೋಲಾರದ ಗಿಡ ನಮ್ಮ ತುಮಕೂರು ಸೀಮೆಯಲ್ಲೂ ಇದೆಯೇ ಅಂತ ನೀವು ಕೇಳಿದರೆ, ಹುಡುಕಿ ನೋಡಲು ನಿಮಗಿಂತ ತಕ್ಕವರಿಲ್ಲ ಅನ್ನುತ್ತೇನೆ. ಎರಡೂ ಕಡೆ ಕಲ್ಲುಬೆಟ್ಟ, ಎರಡೂ ಕಡೆ ಕುರುಚಲು ಹುಲ್ಲು, ನಡುವೆ ಇರುವುದು ಗೌರಿಬಿದನೂರು, ಚಿಕ್ಕಬಳ್ಳಾಪುರದ ಬೆಟ್ಟಸಾಲು. ಅದೇ ಸಿಗಬಹುದು, ಅದಕ್ಕಿಂತ ಹೊಸದೂ ಸಿಗಬಹುದು. ಶಾಸ್ತ್ರಜ್ಞರು ವರ್ಷಕ್ಕೆ ಒಂದು ದಿನ ಬಂದಾರು. ಗೊಲ್ಲರಹಟ್ಟಿಯ ಹಿರಿಯರು, ಕುರಿ ಕಾಯುವ ಹೆಂಗಸರು ಮಕ್ಕಳು ದಿನಾ ಅಲ್ಲೇ ಇರುತ್ತಾರೆ. ಯಾವ ಸಂದಿನಲ್ಲಿ ಯಾವ ಹೂ ಯಾವ ಮಳೆಗೆ ಬಂತು ಅನ್ನುವುದು ಅವರಿಗೆ ಗೊತ್ತಿರುವಷ್ಟು ಪುಸ್ತಕಕ್ಕೆ ಗೊತ್ತಿಲ್ಲ.

ಹುಡುಕುವ ಕ್ರಮ ಹೀಗೆ. ಭರಣಿ, ಕೃತ್ತಿಕೆ ಮಳೆ ಹದವಾಗಿ ಬಿದ್ದು ಎಂಟು ಹತ್ತು ದಿನವಾದ ಮೇಲೆ ಬೆಳಗಿನ ಹೊತ್ತು ಹೋಗಿ. ಬಂಡೆಯ ತಗ್ಗು, ಹುಲ್ಲು ಒತ್ತಾಗಿರದ ಇಳಿಜಾರು, ತುಗ್ಗಲಿ, ಬಂದರಿಕೆ ಗಿಡಗಳ ಬುಡ, ಇಲ್ಲೆಲ್ಲ ಕೂತು ನೋಡಿ, ನಿಂತು ನೋಡಿದರೆ ಕಾಣುವುದಿಲ್ಲ. ಎಕ್ಕದಂತೆ ಎದುರುಬದುರು ಎಲೆ, ಐದು ಎಸಳಿನ ಮಂದವಾದ ಸಣ್ಣ ಹೂ, ಕೊಂಬಿನಂಥ ಕಾಯಿ, ಇವು ಕಂಡರೆ ಕೀಳಬೇಡಿ. ಗೆಡ್ಡೆ ಇದೆಯೋ ಇಲ್ಲವೋ ಅಂತ ಅಗೆದು ನೋಡುವ ಚಪಲವೂ ಬೇಡ. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ. ಇಡೀ ಗಿಡದ್ದೊಂದು, ಎಲೆಯ ಎರಡೂ ಮಗ್ಗುಲಿನದು, ಹೂವನ್ನು ಎದುರಿಂದ ಮತ್ತು ಪಕ್ಕದಿಂದ, ಕಾಯಿಯಿದ್ದರೆ ಕಾಯಿಯದು, ಹೀಗೆ ಐದಾರು ಚಿತ್ರ ತೆಗೆಯಿರಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಬೆಂಕಿಕಡ್ಡಿಯನ್ನೋ ರೂಪಾಯಿ ನಾಣ್ಯವನ್ನೋ ಇಡಿ. ತಾರೀಕು, ಯಾವ ಮಳೆ, ಬೆಟ್ಟದ ಹೆಸರು, ಗೊತ್ತಿದ್ದರೆ ಸರ್ವೆ ನಂಬರು, ನಿಮ್ಮ ಕಡೆ ಆ ಗಿಡಕ್ಕೆ ಹೇಳುವ ಹೆಸರು, ಇಷ್ಟನ್ನೂ ಬರೆದುಕೊಳ್ಳಿ. ಹೆಸರು ಬಹಳ ಮುಖ್ಯ. ಪಾವಗಡದ ಕಡೆ ತೆಲುಗಿನಲ್ಲಿ ಬೇರೆ ಹೆಸರಿದ್ದರೆ ಅದನ್ನೂ ಸೇರಿಸಿ.

ಒಂದು ಎಚ್ಚರಿಕೆ. ಚಿತ್ರವನ್ನು ಜಾಗದ ಗುರುತಿನ ಸಮೇತ ಊರೆಲ್ಲ ಹಂಚಬೇಡಿ. ಅಪರೂಪದ ಗಿಡಗಳನ್ನು ಕುಂಡದಲ್ಲಿ ಬೆಳೆಸಲು ಹಣ ಕೊಟ್ಟು ಕೊಳ್ಳುವ ಶೋಕಿಗಾರರು ಇದ್ದಾರೆ, ಈ ಗುಂಪಿನ ಗಿಡಗಳ ಮೇಲೆ ಅವರಿಗೆ ವಿಶೇಷ ಕಣ್ಣು. ಹತ್ತು ಗಿಡ ಇರುವ ಕಡೆ ಒಬ್ಬ ಚೀಲ ಹಿಡಿದು ಬಂದರೆ ಸಾಕು.

ಮಾಹಿತಿಯನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ. ತುಮಕೂರಿನ ವಿಶ್ವವಿದ್ಯಾಲಯಕ್ಕೋ, ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ಬೆಂಗಳೂರಿನ ಜಿ.ಕೆ.ವಿ.ಕೆ.ಗೋ ತಲುಪಿಸಿದರೂ ಆದೀತು, ತಿಳಿದವರ ಕೈಗೆ ದಾಟಿಸುತ್ತಾರೆ. ಜೊತೆಗೆ ನಿಮ್ಮ ಗ್ರಾಮ ಪಂಚಾಯಿತಿಗೂ ಹೋಗಿ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿಗಳನ್ನು ಬರೆದಿಡುವ ಜನತಾ ದಾಖಲೆ ಇರಬೇಕು. ‘ನಮ್ಮ ಊರಿನ ದಾಖಲೆ ಪುಸ್ತಕ ತೋರಿಸಿ’ ಅಂತ ಕೇಳಿ. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ ತೆಗೆಸಿ. ಅದರಲ್ಲಿ ನೀವು ಕಂಡ ಗಿಡವನ್ನು, ಕಂಡ ತಾರೀಕನ್ನು, ಜಾಗವನ್ನು ಬರೆಸಿ, ಬರೆದದ್ದನ್ನು ಓದಿಸಿ ಕೇಳಿ. ನಾಳೆ ಆ ಬಂಡೆಗೆ ಗಣಿಯ ಅರ್ಜಿ ಬಂದಾಗ ಪಂಚಾಯಿತಿಯವರ ಕೈಯಲ್ಲಿ ತೋರಿಸಲು ಒಂದು ಕಾಗದವಾದರೂ ಇರುತ್ತೆ.